ಮನೆಯಲ್ಲಿ ಕಟ್ಟಿದ ವಿಮಾನದ ಫ್ಯೂಯಲ್ ಪಂಪ್ ಸುತ್ತ ನೀಲಿ ಕಲೆ ಕಂಡರೆ ಏನು ಮಾಡಬೇಕು?

ಲೈಕಮಿಂಗ್ ಒ-320 ಎಂಜಿನ್‌ನ ಆರ್‌ವಿ-6 ವಿಮಾನದಲ್ಲಿ ಮೆಕ್ಯಾನಿಕಲ್ ಪಂಪ್ (ಎಂಜಿನ್ನೇ ಓಡಿಸುವ ಪಂಪ್) ಸುತ್ತ ನೀಲಿ ಕಲೆ ಇದೆ, ಆದರೆ ಹನಿ ಬೀಳುತ್ತಿಲ್ಲ ಅಂದಿದ್ದೀರಿ. 100 ಎಲ್‌ಎಲ್ ಅನ್ನುವ ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುತ್ತಾರೆ. ಪೆಟ್ರೋಲ್ ಆರಿದರೂ ಬಣ್ಣ ಉಳಿಯುತ್ತದೆ. ಅಂದರೆ ಸೋರುತ್ತಿರುವುದು ನಿಜ. ಸರಿ ಮಾಡುವ ತನಕ ಹಾರಿಸಬೇಡಿ.

ಮೊದಲು ಜಾಗ ಪತ್ತೆ ಮಾಡಿ. ಕೌಲಿಂಗ್ (ಎಂಜಿನ್ ಮುಚ್ಚುವ ಕವಚ) ತೆಗೆದು, ಪಂಪ್ ಒರೆಸಿ ಒಣಗಿಸಿ. ಎಂಜಿನ್ ಸ್ಟಾರ್ಟ್ ಮಾಡದೆ ಎಲೆಕ್ಟ್ರಿಕ್ ಬೂಸ್ಟ್ ಪಂಪ್ (ಕರೆಂಟಿನಲ್ಲಿ ಓಡುವ ಇನ್ನೊಂದು ಫ್ಯೂಯಲ್ ಪಂಪ್) ಮಾತ್ರ ಹಾಕಿ, ಟಾರ್ಚ್ ಮತ್ತು ಪುಟ್ಟ ಕನ್ನಡಿ ಹಿಡಿದು ನೋಡಿ.

ಪಂಪಿನ ವೆಂಟ್ ಪೈಪಿನಿಂದ ಪೆಟ್ರೋಲ್ ಬಂದರೆ ಒಳಗಿನ ಡಯಾಫ್ರಮ್ (ಬಾಗುವ ತೆಳು ಪೊರೆ) ಹೋಗಿದೆ ಅಂತ ಅರ್ಥ. ಅಲ್ಲಿ ರಿಪೇರಿ ಮಾತೇ ಇಲ್ಲ, ಪಂಪ್ ಬದಲಿಸಿ.

ಜಾಸ್ತಿ ಸಲ ಸೋರುವುದು ಪೈಪ್ ಜೋಡಿಸುವ ಫಿಟಿಂಗ್‌ನಲ್ಲೇ. ಫ್ಯೂಯಲ್ ವಾಲ್ವ್ ಮುಚ್ಚಿ ಬಿಚ್ಚಿ. ಪಂಪಿನ ಮೈಗೆ ತಿರುಗಿಸುವ ಪೈಪ್ ಥ್ರೆಡ್‌ಗೆ ಪೆಟ್ರೋಲ್ ತಡೆಯುವ ಸೀಲಂಟ್ ತೆಳ್ಳಗೆ ಹಚ್ಚಿ, ತುದಿಯ ಮೊದಲ ಥ್ರೆಡ್ ಬಿಟ್ಟು. ಪ್ಲಂಬರ್ ಸುತ್ತುವ ಬಿಳಿ ಟೇಪ್ ಬೇಡವೇ ಬೇಡ. ಅದರ ಎಳೆ ಕಿತ್ತು ಬಂದು ಕಾರ್ಬ್ಯುರೇಟರ್‌ಗೆ ಸಿಕ್ಕಿಕೊಳ್ಳಬಹುದು. ಫಿಟಿಂಗ್‌ನ ಇನ್ನೊಂದು ತುದಿಯ 37 ಡಿಗ್ರಿ ಫ್ಲೇರ್‌ಗೆ (ಕೊಳವೆಯ ಅಗಲಿಸಿದ ಬಾಯಿ ಕೂರುವ ಇಳಿಜಾರು ಜಾಗಕ್ಕೆ) ಏನೂ ಹಚ್ಚಬಾರದು. ಅಲ್ಲಿ ಲೋಹಕ್ಕೆ ಲೋಹ ಕೂತೇ ಸೀಲ್ ಆಗಬೇಕು. ಫ್ಲೇರ್ ಸೀಳಿದ್ದರೆ ಎಷ್ಟು ಬಿಗಿದರೂ ನಿಲ್ಲುವುದಿಲ್ಲ. ಸುಮ್ನೆ ಬಲ ಹಾಕಬೇಡಿ, ಎರಡು ಸ್ಪ್ಯಾನರ್ ಹಿಡಿದು ಕೈಪಿಡಿಯಲ್ಲಿ ಹೇಳಿದಷ್ಟೇ ಟಾರ್ಕ್ (ತಿರುಗಿಸಿ ಬಿಗಿಯುವ ಬಲ) ಕೊಡಿ.

ಆಮೇಲೆ ಮತ್ತೆ ಬೂಸ್ಟ್ ಪಂಪ್ ಹಾಕಿ ನೋಡಿ. ಒಣಗಿದ್ದರೆ ಗ್ರೌಂಡ್ ರನ್ ಮಾಡಿ (ನೆಲದಲ್ಲೇ ಎಂಜಿನ್ ಓಡಿಸಿ), ಎಂಜಿನ್ ನಿಲ್ಲಿಸಿ, ಇನ್ನೊಮ್ಮೆ ಟಾರ್ಚ್ ಹಾಕಿ ನೋಡಿ. ಮಾಡಿದ ಕೆಲಸವನ್ನು ಲಾಗ್‌ಬುಕ್‌ನಲ್ಲಿ ಬರೆದಿಡಿ.