150 ವ್ಯಾಟ್ ಫಲಕ ಸಾಲದು

ಟೆಂಪೋ ಟ್ರಾವೆಲರ್ ಅನ್ನು ಮೋಟರ್‌ಹೋಮ್ ಮಾಡಿಸುತ್ತಿದ್ದೀರಿ. ಮನೆಯ ಯುಪಿಎಸ್‌ನ 200 ಆಂಪಿಯರ್-ಅವರ್ ಟ್ಯೂಬುಲರ್ ಬ್ಯಾಟರಿ, 150 ವ್ಯಾಟ್ ಸೌರಫಲಕದಲ್ಲಿ ಫ್ರಿಜ್, ಫ್ಯಾನ್, ಲ್ಯಾಪ್‌ಟಾಪ್, ಇಂಡಕ್ಷನ್ ಒಲೆ ನಡೆಯುತ್ತವೆಯೇ ಎಂದು ಕೇಳಿದ್ದೀರಿ. ಒಲೆಯನ್ನು ಮೊದಲು ಪಟ್ಟಿಯಿಂದ ತೆಗೆಯಿರಿ. 1,800 ವ್ಯಾಟ್ ಎಂದರೆ 12 ವೋಲ್ಟ್‌ನಲ್ಲಿ 150 ಆಂಪಿಯರ್‌ಗೂ ಹೆಚ್ಚು, ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಗ್ಗದ ತಂತಿ ತಂದು ಜೋಡಿಸಿದರೆ ಅನ್ನಕ್ಕಿಂತ ಮೊದಲು ತಂತಿಯೇ ಬೇಯುತ್ತದೆ.

ಉಳಿದವಕ್ಕೆ ದಿನಕ್ಕೆ ಸುಮಾರು 1,000 ವ್ಯಾಟ್-ಅವರ್ ಬೇಕು, ಫ್ರಿಜ್ 12 ವೋಲ್ಟ್‌ನದ್ದಾದರೆ ಮಾತ್ರ. ಟ್ಯೂಬುಲರ್‌ನಂಥ ಲೆಡ್-ಆಸಿಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಿದ್ದರೆ ಅದರ ಆಯಸ್ಸು ಕರಗುತ್ತದೆ. ಹಾಗಾಗಿ ನಿಮ್ಮ ಬ್ಯಾಟರಿಯ 2,400 ವ್ಯಾಟ್-ಅವರ್‌ನಲ್ಲಿ (12 ವೋಲ್ಟ್ × 200) ದಕ್ಕುವುದು 1,200. ರಾತ್ರಿ ಕಳೆಯುತ್ತದೆ, ಆದರೆ ಮರುದಿನ ತುಂಬಿಸುವುದು ಹೇಗೆ? ನಿಮ್ಮ ಫಲಕ ಒಳ್ಳೆಯ ಬಿಸಿಲಿನಲ್ಲೂ 500ರ ಆಸುಪಾಸು ಕೊಡುತ್ತದೆ. ಕನಿಷ್ಠ 400 ವ್ಯಾಟ್ ಹಾಕಿಸಿ, ಜೊತೆಗೆ ಫಲಕದಿಂದ ಗರಿಷ್ಠ ವಿದ್ಯುತ್ ಸೆಳೆದು ಬ್ಯಾಟರಿ ತುಂಬಿಸುವ ಎಂಪಿಪಿಟಿ ನಿಯಂತ್ರಕ. ಜುಲೈ ಮೋಡದಲ್ಲಿ ಅದೂ ಸೊರಗುತ್ತದೆ.

ಟ್ಯೂಬುಲರ್ ಬ್ಯಾಟರಿ ಚಾರ್ಜ್ ಆಗುವಾಗ ಬೇಗ ಹೊತ್ತಿಕೊಳ್ಳುವ ಹೈಡ್ರೋಜನ್ ಅನಿಲ ಬಿಡುತ್ತದೆ, ಮಲಗುವ ಜಾಗದಲ್ಲಿ ಬೇಡವೇ ಬೇಡ. ದುಬಾರಿಯಾದರೂ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಕೊಳ್ಳಿ. ಅದನ್ನು ಆಲ್ಟರ್ನೇಟರ್‌ಗೆ (ಎಂಜಿನ್‌ನಿಂದ ವಿದ್ಯುತ್ ತಯಾರಿಸುವ ಯಂತ್ರಕ್ಕೆ) ನೇರ ಜೋಡಿಸಬೇಡಿ. ನಡುವೆ ವಿದ್ಯುತ್ತನ್ನು ಬ್ಯಾಟರಿಗೆ ತಕ್ಕಂತೆ ಹದಗೊಳಿಸುವ 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಇರಲಿ. ಬೆಂಗಳೂರಿನಿಂದ ಸಕಲೇಶಪುರ ತಲುಪುವಷ್ಟರಲ್ಲಿ ದಿನದ ಖರ್ಚು ತುಂಬಿರುತ್ತದೆ. ಫ್ಯೂಸ್ ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ ಇರಬೇಕು. ಇನ್ವರ್ಟರ್ 600 ವ್ಯಾಟ್ ಸಾಕು, ಮನೆಯ ಕರೆಂಟಿನಂತೆಯೇ ನಯವಾದ ವಿದ್ಯುತ್ ಕೊಡುವ ಶುದ್ಧ ಸೈನ್ ತರಂಗದ್ದು.