ಎರಡು ಮಹಡಿ, 40 ಜನ: ಆಫೀಸಿನ ನೆಟ್‌ವರ್ಕ್ ಎಲ್ಲಿಂದ ಶುರು ಮಾಡಬೇಕು?

ಎರಡು ಮಹಡಿಯ ಆಫೀಸು, ಮೇಲೆ 24 ಜನ, ಕೆಳಗೆ 16 ಜನ, 8 ಕ್ಯಾಮೆರಾ, ಮಹಡಿಗೊಂದು ಪ್ರಿಂಟರ್, ಎಲ್ಲ ಕಡೆ ವೈಫೈ. ಯಾವ ಸ್ವಿಚ್ (ಎಲ್ಲ ನೆಟ್‌ವರ್ಕ್ ಕೇಬಲ್ಲುಗಳು ಬಂದು ಸೇರುವ ಪೆಟ್ಟಿಗೆ) ತಗೊಳ್ಳಲಿ ಎಂದು ಕೇಳಿದ್ದೀರಿ. ಸ್ವಿಚ್ಚಿನ ಮಾತು ಕೊನೆಗಿರಲಿ. ಅದನ್ನು ಕೆಲವು ವರ್ಷಕ್ಕೊಮ್ಮೆ ಬದಲಾಯಿಸಬಹುದು, ಗೋಡೆಯೊಳಗೆ ಹೋದ ಕೇಬಲ್ಲನ್ನು ಯಾರೂ ಮತ್ತೆ ತೆಗೆಯುವುದಿಲ್ಲ. ನಾನಾದರೆ ಮೊದಲು ಕೇಬಲ್ಲಿಗೆ, ಆಮೇಲೆ ಐಪಿ ವಿಳಾಸಗಳಿಗೆ (ಜಾಲದಲ್ಲಿ ಪ್ರತಿ ಸಾಧನದ ಗುರುತಿನ ಸಂಖ್ಯೆ) ತಲೆ ಕೆಡಿಸಿಕೊಳ್ಳುತ್ತೇನೆ.

ಕಟ್ಟಡದ ನಕ್ಷೆ ಮುಂದಿಟ್ಟುಕೊಂಡು ಪ್ರತಿ ಮೇಜಿಗೂ ಎರಡು ಪಾಯಿಂಟ್ (ಕೇಬಲ್ ಚುಚ್ಚುವ ಗೋಡೆಯ ಸಾಕೆಟ್) ಗುರುತು ಮಾಡಿ. ಒಂದೇ ಕೊಟ್ಟರೆ ನಾಳೆ ಯಾರೋ ಮೇಜಿನ ಕೆಳಗೆ ಐದು ಪೋರ್ಟಿನ ಪುಟ್ಟ ಸ್ವಿಚ್ ತಂದಿಡುತ್ತಾರೆ, ತಲೆನೋವು ಶುರುವಾಗುವುದೇ ಅಲ್ಲಿಂದ. ಪೂರ್ತಿ ತಾಮ್ರದ ಕ್ಯಾಟ್ 6 ದರ್ಜೆಯ ಕೇಬಲ್ ಸಾಕು. ಅಲ್ಯೂಮಿನಿಯಂ ಮೇಲೆ ತಾಮ್ರದ ಲೇಪ ಬಳಿದ ಕೇಬಲ್ ಅಗ್ಗಕ್ಕೆ ಸಿಗುತ್ತದೆ, ಬೇಡ: ತಂತಿ ಬೇಗ ಮುರಿಯುತ್ತದೆ, ಅದರ ಮೇಲೆ ಕ್ಯಾಮೆರಾಗೆ ಕರೆಂಟ್ ಹರಿಸಿದರೆ ಬಿಸಿಯಾಗುತ್ತದೆ. ಉದ್ದದ ಮಿತಿ 100 ಮೀಟರ್. ಅದರಲ್ಲಿ 90 ಮೀಟರ್ ಗೋಡೆಯೊಳಗಿನದು, ಉಳಿದ 10 ಮೀಟರ್ ಎರಡೂ ತುದಿಯ ಪ್ಯಾಚ್ ಕಾರ್ಡುಗಳಿಗೆ, ಅಂದರೆ ಹೊರಗೆ ಚುಚ್ಚುವ ಗಿಡ್ಡ ಕೇಬಲ್ಲುಗಳಿಗೆ. ವಿದ್ಯುತ್ ವೈರಿನ ಪೈಪಿನಲ್ಲೇ ಇದನ್ನೂ ತೂರಿಸಬೇಡಿ. ಎರಡೂ ತುದಿಗೆ ಒಂದೇ ನಂಬರಿನ ಚೀಟಿ ಅಂಟಿಸಿ, ಎಳೆಯುವಾಗಲೇ. ಆಮೇಲೆ ನೋಡೋಣ ಅಂದರೆ ಆಗುವ ಕೆಲಸವಲ್ಲ.

ಕೇಬಲ್ ತುದಿಗೆ ಕನೆಕ್ಟರ್ ಕೂರಿಸುವಾಗ ಒಳಗಿನ ಎಂಟು ತಂತಿಗಳಿಗೆ ಟಿ568ಬಿ ಎಂಬ ಬಣ್ಣದ ಕ್ರಮ ಹಿಡಿಯಿರಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹೊಸೆದ ಜೋಡಿಗಳನ್ನು ಸುಮಾರು 13 ಮಿಲಿಮೀಟರಿಗಿಂತ ಹೆಚ್ಚು ಬಿಚ್ಚಬಾರದು. ಕಂದು ತಂತಿ ತುದಿಯವರೆಗೂ ಹೋಗದೆ ನಿಂತಿದ್ದರೂ ಇಂಟರ್ನೆಟ್ ಸಾಮಾನ್ಯವಾಗಿ ಬರುತ್ತದೆ, ಮೋಸ ಇರುವುದು ಅಲ್ಲೇ. 100 ಎಂಬಿಪಿಎಸ್‌ಗೆ 1, 2, 3, 6ನೇ ತಂತಿಗಳು ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ಹಾಗಾಗಿ ಲಿಂಕ್ ಸದ್ದಿಲ್ಲದೆ 100ಕ್ಕೆ ಇಳಿದು ಕೂತಿರುತ್ತದೆ, ಜನ "ಸರ್ವರ್ ಸ್ಲೋ" ಎಂದು ದೂರುತ್ತಾರೆ. ಸ್ವಿಚ್ಚಿನ ಸೆಟ್ಟಿಂಗ್ ಪುಟದಲ್ಲಿ ಯಾವುದಾದರೂ ಪೋರ್ಟ್ 100 ಎಂದು ತೋರಿಸಿದರೆ, ಅತ್ತ ಕಡೆ ಇರುವುದು ಹಳೆಯ ಪ್ರಿಂಟರ್ ಅಥವಾ ಕ್ಯಾಮೆರಾ ಅಲ್ಲದಿದ್ದರೆ, ಮೊದಲು ಆ ಕನೆಕ್ಟರ್ ಕತ್ತರಿಸಿ ಹೊಸದು ಕೂರಿಸಿ.

ಈಗ ವಿಳಾಸ. ರೂಟರ್ ತಾನಾಗಿ ಕೊಡುವ 192.168.0 ಅಥವಾ 192.168.1 ಇಟ್ಟುಕೊಳ್ಳಬೇಡಿ. ಮನೆಗಳ ರೂಟರುಗಳಲ್ಲೂ ಬಹುತೇಕ ಅವೇ ಇರುತ್ತವೆ. ಮನೆಯಿಂದ ವಿಪಿಎನ್ (ಇಂಟರ್ನೆಟ್ ಮೂಲಕ ಆಫೀಸಿನ ಜಾಲಕ್ಕೆ ಸುರಕ್ಷಿತ ದಾರಿ) ಹಾಕಿದವರ ಲ್ಯಾಪ್‌ಟಾಪು ಆಫೀಸಿನ 192.168.1.10 ಸರ್ವರನ್ನು ತನ್ನ ಮನೆಯಲ್ಲೇ ಹುಡುಕುತ್ತದೆ, ಪ್ಯಾಕೆಟ್ ಆಚೆಗೇ ಹೋಗುವುದಿಲ್ಲ. 10.20 ಇಂದ ಶುರುವಾಗುವ ವಿಳಾಸ ಹಿಡಿದು, ಚುಕ್ಕೆಗಳ ನಡುವಿನ ಮೂರನೇ ಸಂಖ್ಯೆಯನ್ನೇ ವಿ-ಲ್ಯಾನ್ (ಒಂದೇ ಸ್ವಿಚ್ಚಿನೊಳಗೆ ಬೇರೆ ಬೇರೆ ಮಾಡಿದ ಜಾಲ) ನಂಬರ್ ಮಾಡಿ. ಸಿಬ್ಬಂದಿಗೆ ವಿ-ಲ್ಯಾನ್ 10, ಅಂದರೆ 10.20.10.0/24 (ಮೊದಲ ಮೂರು ಸಂಖ್ಯೆ ಜಾಲದ್ದು, ಕೊನೆಯದು ಸಾಧನದ್ದು). ಕ್ಯಾಮೆರಾ ಮತ್ತು ಅದರ ರೆಕಾರ್ಡರ್‌ಗೆ 30, ಅತಿಥಿ ವೈಫೈಗೆ 40, ಸ್ವಿಚ್ಚು ಮತ್ತು ಆಕ್ಸೆಸ್ ಪಾಯಿಂಟುಗಳ (ವೈಫೈ ಹರಡುವ ಪೆಟ್ಟಿಗೆಗಳು) ನಿರ್ವಹಣೆಗೆ 99. ಒಂದೊಂದರಲ್ಲೂ 254 ವಿಳಾಸ, ನಿಮಗೆ ಧಾರಾಳ. ವಿಳಾಸ ನೋಡಿದ ಕೂಡಲೇ ಅದು ಯಾವ ಗುಂಪಿನದು ಎಂದು ಗೊತ್ತಾಗುವುದೇ ಇದರ ಲಾಭ.

ವಿ-ಲ್ಯಾನ್ ಮಾಡಿಬಿಟ್ಟರೆ ಭದ್ರತೆ ಬಂತು ಎಂದುಕೊಳ್ಳಬೇಡಿ. ಅವುಗಳ ನಡುವೆ ದಾಟಿಸುವ ರೂಟರ್ ಎಲ್ಲವನ್ನೂ ದಾಟಿಸುತ್ತಿದ್ದರೆ ಗೋಡೆ ಕಟ್ಟಿ ಬಾಗಿಲು ತೆರೆದಿಟ್ಟ ಹಾಗೆ. ಅತಿಥಿಗೆ ಇಂಟರ್ನೆಟ್ ಮಾತ್ರ, ಕ್ಯಾಮೆರಾಗೆ ಇಂಟರ್ನೆಟ್ಟೂ ಬೇಡ ಎಂಬ ನಿಯಮಗಳನ್ನು ಫೈರ್‌ವಾಲಿನಲ್ಲಿ (ಯಾವುದು ದಾಟಬಹುದು ಎಂದು ನಿರ್ಧರಿಸುವ ಕಾವಲು) ಬರೆಯಬೇಕು. ಡಿಎಚ್‌ಸಿಪಿಯಲ್ಲಿ (ಸಾಧನಗಳಿಗೆ ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) ಕೊನೆಯ ಸಂಖ್ಯೆ .100 ರಿಂದ .240 ಹಂಚಲು ಬಿಟ್ಟು, ಕೆಳಗಿನವನ್ನು ಪ್ರಿಂಟರ್, ಸರ್ವರ್‌ಗಳಿಗೆ ಕಾಯ್ದಿಡಿ. ಅತಿಥಿ ಜಾಲದಲ್ಲಿ ಲೀಸ್ ಅವಧಿ, ಅಂದರೆ ಕೊಟ್ಟ ವಿಳಾಸ ಒಂದು ಸಾಧನದ ಬಳಿ ಇರುವ ಸಮಯ, ಎರಡು ಗಂಟೆ ಸಾಕು. ಬಂದುಹೋದ ಫೋನುಗಳ ಹೆಸರಿನಲ್ಲಿ ವಿಳಾಸಗಳು ದಿನಗಟ್ಟಲೆ ಹಿಡಿದಿದ್ದರೆ ಒಂದು ದಿನ ಹೊಸಬರಿಗೆ ಸಿಗುವುದೇ ಇಲ್ಲ. ಕಂಪ್ಯೂಟರಿನಲ್ಲಿ 169.254 ಇಂದ ಶುರುವಾಗುವ ವಿಳಾಸ ಕಂಡರೆ, ಡಿಎಚ್‌ಸಿಪಿಯಿಂದ ಉತ್ತರವೇ ಬಂದಿಲ್ಲ ಎಂದರ್ಥ.

ಈಗ ನಿಮ್ಮ ಸ್ವಿಚ್. ಕ್ಯಾಮೆರಾ ಮಹಡಿಗೆ ನಾಲ್ಕರಂತೆ, ಆಕ್ಸೆಸ್ ಪಾಯಿಂಟ್ ಎರಡರಂತೆ ಹಿಡಿದರೆ ಮೇಲೆ 31 ಪೋರ್ಟ್, ಕೆಳಗೆ 23. ಕೆಳಗೆ 24ರದ್ದು ಸಾಕಲ್ಲ ಅನ್ನಿಸುತ್ತದೆ. ಆದರೆ ಉಳಿಯುವುದು ಒಂದೇ ಪೋರ್ಟ್, ರೆಕಾರ್ಡರ್ ಅಲ್ಲಿಟ್ಟರೆ ಅದೂ ಇಲ್ಲ. ಎರಡೂ ಕಡೆ 48 ಪೋರ್ಟಿನ ಮ್ಯಾನೇಜ್ಡ್ (ಒಳಗಿನ ಸೆಟ್ಟಿಂಗ್ ಬದಲಿಸಬಹುದಾದ) ಸ್ವಿಚ್ ಹಾಕಿ, ನಡುವೆ 10 ಗಿಗಾಬಿಟ್ ಫೈಬರ್ ಎಳೆಯಿರಿ. ಮುಂದೆ ಪಕ್ಕದ ಕಟ್ಟಡಕ್ಕೆ ಜೋಡಿಸುವುದಿದ್ದರಂತೂ ಫೈಬರೇ ಬೇಕು, ಯಾಕೆಂದರೆ ತಾಮ್ರದ ಮೂಲಕ ಸಿಡಿಲಿನ ಹೊಡೆತ ಎರಡೂ ಕಡೆಯ ಸ್ವಿಚ್ಚುಗಳನ್ನು ಸುಡಬಹುದು.

ಪಿಒಇ, ಅಂದರೆ ನೆಟ್‌ವರ್ಕ್ ಕೇಬಲ್ಲಿನಲ್ಲೇ ಸಾಧನಕ್ಕೆ ಕರೆಂಟ್ ಕೊಡುವ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಪೋರ್ಟಿಗೆ ಎಷ್ಟು ವ್ಯಾಟ್ ಎಂಬುದು ಒಂದು ಲೆಕ್ಕ: 802.3ಎಎಫ್ ಎಂಬ ಮಾನದಂಡದಲ್ಲಿ 15.4, 802.3ಎಟಿಯಲ್ಲಿ 30. ಇಡೀ ಸ್ವಿಚ್ಚು ಒಟ್ಟು ಎಷ್ಟು ಕೊಡಬಲ್ಲದು ಎಂಬುದು ಬೇರೆಯೇ ಲೆಕ್ಕ. ಕ್ಯಾಮೆರಾಗೆ 10, ಆಕ್ಸೆಸ್ ಪಾಯಿಂಟಿಗೆ 20 ವ್ಯಾಟ್ ಹಿಡಿದರೆ ಮಹಡಿಗೆ 80. ಒಟ್ಟು 65 ವ್ಯಾಟಿನ ಸ್ವಿಚ್ಚಿಗೆ ಇದು ಆಗುವುದಿಲ್ಲ. ಹಗಲೆಲ್ಲ ಚೆನ್ನಾಗಿದ್ದ ಕ್ಯಾಮೆರಾ ಕತ್ತಲಾದ ಮೇಲೆ ಆಫ್ ಆಗಿ ಆನ್ ಆಗುತ್ತಿದ್ದರೆ ನೋಡಬೇಕಾದದ್ದು ಇದನ್ನೇ: ರಾತ್ರಿ ಇನ್‌ಫ್ರಾರೆಡ್ ದೀಪ ಹೊತ್ತಿಕೊಂಡಾಗ ಅದು ಎಳೆಯುವ ಕರೆಂಟ್ ಏರುತ್ತದೆ.

ಮ್ಯಾನೇಜ್ಡ್ ಯಾಕೆ ಅಂದರೆ, ವಿ-ಲ್ಯಾನ್ ಒಂದೇ ಕಾರಣವಲ್ಲ. ಯಾರೋ ಅಚ್ಚುಕಟ್ಟು ಮಾಡಲು ಹೋಗಿ, ತೂಗಾಡುತ್ತಿದ್ದ ಪ್ಯಾಚ್ ಕಾರ್ಡಿನ ಎರಡೂ ತುದಿಯನ್ನು ಗೋಡೆಯ ಎರಡು ಪಾಯಿಂಟಿಗೆ ಚುಚ್ಚುತ್ತಾರೆ, ಜಾಲದಲ್ಲಿ ಸುತ್ತುದಾರಿಯೊಂದು ಆಗಿಬಿಡುತ್ತದೆ. ಐಪಿ ಪ್ಯಾಕೆಟ್ಟಿಗೆ ಇಷ್ಟು ರೂಟರ್ ದಾಟಿದ ಮೇಲೆ ಸಾಯಬೇಕು ಎಂಬ ಲೆಕ್ಕವಿದೆ, ಸ್ವಿಚ್ಚುಗಳು ಸಾಗಿಸುವ ಈಥರ್ನೆಟ್ ಫ್ರೇಮಿಗೆ ಅದಿಲ್ಲ. ಎಲ್ಲರಿಗೂ ಎಂದು ಕಳಿಸಿದ ಒಂದು ಬ್ರಾಡ್‌ಕಾಸ್ಟ್ ಫ್ರೇಮ್ ಸುತ್ತುತ್ತಲೇ ಇರುತ್ತದೆ, ಜೊತೆಗೆ ಇನ್ನಷ್ಟು ಸೇರುತ್ತವೆ. ಸ್ವಿಚ್ಚಿನ ಎಲ್ಲ ದೀಪಗಳೂ ಒಟ್ಟಿಗೇ ಹುಚ್ಚು ಹಿಡಿದಂತೆ ಮಿನುಗುತ್ತವೆ, ಇಡೀ ಆಫೀಸು ನಿಲ್ಲುತ್ತದೆ. ಮ್ಯಾನೇಜ್ಡ್ ಸ್ವಿಚ್ಚಿನಲ್ಲಿ ಇಂಥ ಸುತ್ತನ್ನು ಪತ್ತೆಹಚ್ಚಿ ತಡೆಯುವ ಸ್ಪ್ಯಾನಿಂಗ್ ಟ್ರೀ ಆನ್ ಇಟ್ಟು, ಮೇಜಿನ ಕಡೆಯ ಪೋರ್ಟುಗಳಿಗೆ ಬಿಪಿಡಿಯು ಗಾರ್ಡ್ ಎಂಬ ಕಾವಲು ಹಾಕಿದರೆ ಆ ಪೋರ್ಟಷ್ಟೇ ಮುಚ್ಚಿಕೊಳ್ಳುತ್ತದೆ. ಬೇರೆಯವರು ವಿಳಾಸ ಹಂಚದಂತೆ ತಡೆಯುವ ಡಿಎಚ್‌ಸಿಪಿ ಸ್ನೂಪಿಂಗೂ ಹಾಕಿ. ಅದಿಲ್ಲದೆ ಯಾರಾದರೂ ಮನೆಯ ವೈಫೈ ರೂಟರ್ ತಂದು ಅದರ ಲ್ಯಾನ್ ಪೋರ್ಟಿಗೆ ಆಫೀಸಿನ ಕೇಬಲ್ ಚುಚ್ಚಿದರೆ ಆ ರೂಟರೂ ವಿಳಾಸ ಹಂಚಲು ಶುರು ಮಾಡುತ್ತದೆ, ಅರ್ಧ ಜನರಿಗೆ ಇಂಟರ್ನೆಟ್ ಇರುತ್ತದೆ, ಅರ್ಧ ಜನರಿಗೆ ಇಲ್ಲ.

ವೈಫೈಯಲ್ಲಿ 2.4 ಗಿಗಾಹರ್ಟ್ಜ್‌ಗೆ 1, 6, 11 ಬಿಟ್ಟು ಬೇರೆ ಚಾನೆಲ್ ಇಡಬೇಡಿ, ಅಗಲ 20 ಮೆಗಾಹರ್ಟ್ಜ್ ಇರಲಿ. ಮೇಲೆ-ಕೆಳಗೆ ಒಂದರ ನೆತ್ತಿಗೆ ಇನ್ನೊಂದು ಬರುವಂತೆ ಆಕ್ಸೆಸ್ ಪಾಯಿಂಟ್ ಹಾಕಿದ್ದರೆ ಎರಡಕ್ಕೂ ಒಂದೇ ಚಾನೆಲ್ ಬೇಡ. ಸಿಗ್ನಲ್ ಕಮ್ಮಿ ಎಂದು ಪವರ್ ಏರಿಸುವುದು ದಂಡ. ಆಕ್ಸೆಸ್ ಪಾಯಿಂಟಿನ ದನಿ ಫೋನಿಗೆ ಕೇಳಿಸಿದರೂ ಫೋನಿನ ಸಣ್ಣ ದನಿ ಅದಕ್ಕೆ ಕೇಳಿಸಬೇಕಲ್ಲ.