ಡಿಮೆನ್ಷಿಯಾ (ಮರೆವಿನ ಕಾಯಿಲೆ) ಇರುವ ಅಜ್ಜನಿಗೆ ಮನೆಯಲ್ಲೇ ಯಾವ ಕಲಾ ಚಟುವಟಿಕೆ ಮಾಡಿಸಬಹುದು?

ಕೊಡಗಿನ ಮಳೆಗಾಲದಲ್ಲಿ ಹೊರಗೆ ಹೋಗಲಾಗದೆ ಅಜ್ಜ ಚಡಪಡಿಸುತ್ತಾರೆ ಎಂದಿದ್ದೀರಿ. ಕಲೆಯಿಂದ ಕಾಯಿಲೆ ವಾಸಿಯಾಗದು, ಚಡಪಡಿಕೆ ತಗ್ಗಬಹುದು. ಹಾಡಿನಿಂದ ಆರಂಭಿಸಿ. ಡಿಮೆನ್ಷಿಯಾದ ಸಾಮಾನ್ಯ ರೂಪವಾದ ಅಲ್ಝೈಮರ್ಸ್‌ನಲ್ಲಿ ಮೊಮ್ಮಕ್ಕಳ ಹೆಸರು ಅಳಿಸಿದ ಮೇಲೂ ಯೌವನದ ಹಾಡುಗಳು ಎಷ್ಟೋ ಸಲ ಉಳಿದಿರುತ್ತವೆ. ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯಲ್ಲಿ ದುಡಿ ಎಂಬ ಪುಟ್ಟ ಚರ್ಮವಾದ್ಯ ಬಾರಿಸಿದವರಾದರೆ ಅದನ್ನು ಕೈಗೇ ಕೊಡಿ. ನೀವು ಮೊದಲ ಸಾಲು ಹಾಡಿ ನಿಲ್ಲಿಸಿ, ಮುಂದಿನದಕ್ಕೆ ಕಾಯಿರಿ. ಸಾಲು ತಪ್ಪಿದರೆ ತಿದ್ದಬೇಡಿ. ‘ನೆನಪಿದೆಯಾ?’ ಎಂಬ ಪರೀಕ್ಷೆಯಂತೂ ಬೇಡವೇ ಬೇಡ.

ಮಕ್ಕಳ ಬಣ್ಣದ ಪುಸ್ತಕ ತರಬೇಡಿ. ತೋಟ ನಡೆಸಿದ ಹಿರಿಯರಿಗೆ ಅದು ಅವಮಾನವೆನಿಸಬಹುದು. ಕಾಫಿ, ಕಿತ್ತಳೆ ಎಲೆಗಳಿಗೆ ಬಣ್ಣ ಬಳಿದು ದೊಡ್ಡ ಹಾಳೆಯ ಮೇಲೆ ಅಚ್ಚೊತ್ತಿಸಿ. ಕುಂಚ ದಪ್ಪಗಿರಲಿ, ಎರಡೇ ಬಣ್ಣ ಸಾಕು. ಮಣಿ, ಕಾಳುಗಳು ಬೇಡ, ಬಾಯಿಗೆ ಹೋಗುವ ಅಪಾಯವಿದೆ. ಸಂಜೆ ಹಲವರಿಗೆ ಗೊಂದಲ ಹೆಚ್ಚುವುದರಿಂದ ಬೆಳಿಗ್ಗೆಯೇ, ಅರ್ಧ ಗಂಟೆಯೊಳಗೆ ಮುಗಿಸಿ.